ಸಿ ಫಾರಂ

ರಾತ್ರಿ ಎಂಟೂವರೆಗೆ ಬಂದಳು.
ಬೆನ್ನ ಮೇಲೆ ತಲೆ ಮೀರಿದ ಚೀಲ,
ಚೀಲದ ಕೊರಳಿಗೆ ಜೋತುಬಿದ್ದ ಒಂದು ಜೊತೆ ಒದ್ದೆ ಕಾಲುಚೀಲ.
ರೂಮಿಲ್ಲ ಅಂದೆ. ನಾಳೆ ಹೋಳಿ, ನಾಡಿದ್ದು ಎರಡು ಮದುವೆ,
ಹನ್ನೆರಡು ರೂಮಿಗೆ ನಲವತ್ತು ಬೀಗರು.
ನಕ್ಕಳು. ಕೂತೇಬಿಟ್ಟಳು
ಹುಚ್ಚರಾಯಪ್ಪನವರ ಕುರ್ಚಿಯಲ್ಲಿ.

ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.
ಇಪ್ಪತ್ತಾರು ವರ್ಷ ಈ ಲಾಡ್ಜಿನ ಮ್ಯಾನೇಜರು;
ಬಲಗೈ ಹಿಡಿಯ ಮೇಲೆ ಇನ್ನೂ ಅವರ ನಶ್ಯದ ಕಲೆ.
ಅವರು ಹೋದ ವಾರ ನಾನು ಸ್ಟೂಲು ತಂದುಕೊಂಡೆ.
ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ.

ಫಾರಿನ್ನಿನವರು ಬಂದರೆ ಸಿ ಫಾರಂ.
ಹೆಸರು: ಅಂಪಾರೊ. ಊರು: ವಲೆನ್ಸಿಯ, ಸ್ಪೇನು.
ಎಲ್ಲಿಂದ ಬಂದಿರಿ: ಹೊಸಪೇಟೆ.
ಮುಂದೆ ಎಲ್ಲಿಗೆ: ರೈಲು ಮುಗಿಯುವಲ್ಲಿಗೆ.
ತಾಳಗುಪ್ಪ ಎಂದು ನಾನೇ ಬರೆದುಕೊಂಡೆ.
ಭೇಟಿಯ ಉದ್ದೇಶ:
ಪೆನ್ನು ನಿಂತಿತು. ಅವಳೂ.

ಅಷ್ಟರಲ್ಲಿ ದುರ್ಗಿಗುಡಿಯ ಸಂದಿಯಿಂದ
ಬಾಯಿಗೆ ಅಂಗೈ ಬಡಿದುಕೊಳ್ಳುತ್ತ ಹುಡುಗರ ದಂಡು,
ಲಬೊ ಲಬೊ ಲಬೊ,
ಬೆರಣಿ, ಸೌದೆ, ಯಾರದೋ ಗೇಟಿನ ಹಲಗೆ.
ಹುಣ್ಣಿಮೆ ರಾತ್ರಿ ಕದ್ದದ್ದಕ್ಕೆ ಕಂಪ್ಲೇಂಟಿಲ್ಲ ನಮ್ಮಲ್ಲಿ.
ಅವಳು ಎದ್ದು ನಿಂತಳು,
ಮನೆಯವರು ಕರೆದದ್ದು ಕೇಳಿಸಿದ ಹಾಗೆ.

ನಮ್ಮೂರಲ್ಲೂ ಇದೇ ತಿಂಗಳು, ಅಂದಳು.
ಬೀದಿಗೊಂದು ಗೊಂಬೆ, ಮನೆಯಷ್ಟೆತ್ತರ,
ಮಧ್ಯಾಹ್ನ ಎರಡಕ್ಕೆ, ಉರಿಬಿಸಿಲಲ್ಲಿ, ಪಟಾಕಿ.
ನೋಡುವುದಕ್ಕಲ್ಲ, ಎದೆಗೂಡಿಗೆ.
ಕೊನೆಯ ರಾತ್ರಿ ಎಲ್ಲಕ್ಕೂ ಬೆಂಕಿ.
ಒಂದೇ ಒಂದನ್ನು ಜನ ಓಟು ಹಾಕಿ ಉಳಿಸುತ್ತಾರಂತೆ.
ಅವಳಪ್ಪ ಗೊಂಬೆ ಮಾಡುವವನು,
ಸುಡಲೆಂದೇ ವರ್ಷವಿಡೀ ಉಜ್ಜುವವನು, ಬಣ್ಣ ಬಳಿಯುವವನು.
ಈ ವರ್ಷ ಗೊಂಬೆ ಇಲ್ಲ ಅಂದಳು.
ಯಾಕೆ ಅನ್ನುವುದಕ್ಕೆ ಫಾರಮ್ಮಿನಲ್ಲಿ ಕಾಲಂ ಇಲ್ಲ.

ಟೆರೇಸಿನಲ್ಲಿ ಸಿಂಟೆಕ್ಸಿನ ಪಕ್ಕ
ಜಬೀವುಲ್ಲ ಬೆಡ್‌ಶೀಟು ಮಡಚಿಡುವ ಕೋಣೆ ಕೊಟ್ಟೆ.
ಇನ್ನೂರು ರೂಪಾಯಿ; ಸೊಳ್ಳೆಗೆ ಬೇರೆ ಚಾರ್ಜಿಲ್ಲ.
ಚೀಲ ಎಸೆದು ಇಳಿದುಹೋದಳು.
ಕೀ ಬೋರ್ಡು ಸರಿಮಾಡಿ ತಿರುಗುತ್ತೇನೆ,
ಕುರ್ಚಿ ಇಲ್ಲ.

ಓಡಿದೆ. ಮಡಕೆ ಮುಖದ ಕಾಮಣ್ಣ,
ಇದ್ದಿಲ ಮೀಸೆ, ಹರಿದ ಪ್ಯಾಂಟು,
ಮಡಿಲಲ್ಲಿ ನಮ್ಮ ಕುರ್ಚಿ. ಸೀಮೆಎಣ್ಣೆ ಸುರಿದಾಗಿತ್ತು.
ಲೋ ತಿಪ್ಪೇಶಿ, ಅಂತ ನಾನು ಕೂಗಿದ್ದು ತಮಟೆಯಲ್ಲಿ ಮುಳುಗಿತು.
ಒಂದು ಕಾಲಿಗೆ ಬೆಂಕಿ ಹತ್ತಿತ್ತು ಆಗಲೇ.
ಅವಳು ನುಗ್ಗಿ ಎಳೆದಳು. ನಶ್ಯದ ಹಿಡಿ ಹಿಡಿದು.
ಎದೆಗವಚಿಕೊಂಡು ಅವಳ ಭಾಷೆಯಲ್ಲಿ ಏನೋ ಅರಚಿದಳು,
ಬೆರಳೆತ್ತಿ, ಒಂದು, ಒಂದು.
ಹುಡುಗರು ಮುಖ ಮುಖ ನೋಡಿಕೊಂಡರು.
ಸಣ್ಣವನೊಬ್ಬ ಕೈ ಎತ್ತಿದ. ಇನ್ನೊಬ್ಬ.
ಆಮೇಲೆ ಎಲ್ಲರೂ. ಅರ್ಥವಾಗದೆ ನಾನೂ.

ಕಾಮಣ್ಣನಿಗೆ ಯಾರೂ ಕೈ ಎತ್ತಲಿಲ್ಲ.
ಉರಿ ವಿದ್ಯುತ್ ತಂತಿಯವರೆಗೆ ಎದ್ದಿತು, ಮಡಕೆ ಟಪ್ಪೆಂದಿತು.
ಅವಳು ಬಾಯಿ ಬಡಿದುಕೊಂಡಳು, ಲಬೊ ಲಬೊ,
ಮೊದಲು ನಗುತ್ತ,
ಆಮೇಲೆ ನಗು ನಿಂತ ಮೇಲೂ.
ಪಕ್ಕದ ಮನೆಯ ಅಜ್ಜಿ ಬಚ್ಚಲೊಲೆಗೆ ಕೆಂಡ ಒಯ್ಯಲು ಬಂದವಳು
ಮೊರ ಕೆಳಗಿಟ್ಟು, ಅವಳ ಬೆನ್ನ ಮೇಲೆ ಕೈಯಿಟ್ಟು,
ಹೆಸರನ್ನೂ ಕೇಳದೆ ನಿಂತಿದ್ದಳು.

ಬೆಳಗ್ಗೆ ಹೋದಳು. ಮುಖವೆಲ್ಲ ಗುಲಾಬಿ, ಹಸಿರು;
ಪಾಸ್‌ಪೋರ್ಟಿನ ಫೋಟೊಗೂ ಅವಳಿಗೂ ನಂಟೇ ಇರಲಿಲ್ಲ.
ಠಾಣೆಯಿಂದ ಫೋನು:
ಏನ್ರೀ ಹಾಲೇಶಪ್ಪ, ಉದ್ದೇಶ ಖಾಲಿ ಬಿಟ್ಟಿದ್ದೀರಿ.
ಹಬ್ಬ ಅಂತ ಬರ್ಕೊಳ್ಳಿ ಸಾರ್, ಅಂದೆ.

ಕುರ್ಚಿ ಕುಂಟುತ್ತದೆ. ಸುಟ್ಟ ಕಾಲಿಗೆ
ಹಳೆಯದೊಂದು ರಿಜಿಸ್ಟರು ಒಟ್ಟುಕೊಟ್ಟು ಕೂತಿದ್ದೇನೆ.
ಮಳೆ ಹಿಡಿದ ದಿನ ನಶ್ಯಕ್ಕಿಂತ ಹೊಗೆಯೇ ಹೆಚ್ಚು ನಾರುತ್ತದೆ.
ಸ್ಟೂಲನ್ನು ಬರುವ ವರ್ಷ ಕೊಡುತ್ತೇನೆ ಅಂದಿದ್ದೇನೆ ಹುಡುಗರಿಗೆ.
ಅದಕ್ಕೆ ಓಟು ಬೀಳಲಿಕ್ಕಿಲ್ಲ.