ನಾಲ್ಕು ಮಾರು ನೀರು

ಇಶಿಗಾಕಿ ಬಿಟ್ಟ ಮೂರನೆಯ ದಿನ
ಬಡಗಣ ಗಾಳಿ ಹಾಯಿಯ ಕಿವಿ ಹಿಂಡುತ್ತಿತ್ತು.
ನಕಾಶೆಯ ಮೇಲೆ ನೊಣ ಕೂತು ಎದ್ದುಹೋದಷ್ಟು ಕಲೆ.
ಅದೇ ದ್ವೀಪ, ಎಂದ ಮಾಯೆದೊಮಾರಿ.
ಹೆಸರು ಕೇಳಿದೆ.
'ಊರಿದ್ದಾಗ ಇತ್ತು' ಅಂದವನೇ
ಚುಕ್ಕಾಣಿಯ ಕಡೆ ತಿರುಗಿಕೊಂಡ.

ಅವನು ನೀರನ್ನು ಓದುವುದು ಬಣ್ಣದಲ್ಲಿ.
ಕಡುನೀಲಿಯಾದರೆ ನಡೆ, ಹಸಿರಾದರೆ ನಿಧಾನ,
ಕಂದು ಕಂಡರೆ ಹವಳ,
ಬೆಳ್ಳಗಾದರೆ ತಂಗೀ, ಇಳಿದು ತಳ್ಳು.
ದೋಣಿಯ ಮೂತಿಯಲ್ಲಿ ಬೋರಲು ಮಲಗಿ
ನಾನು ಕೂಗುತ್ತ ಹೋದೆ: ನೀಲಿ, ನೀಲಿ, ಹಸಿರು, ಅಯ್ಯೋ ಕಂದು!
ಅವರ ಹಳೆಯ ಮಾತಿನಲ್ಲಿ ನೀಲಿಗೂ ಹಸಿರಿಗೂ ಒಂದೇ ಪದವಂತೆ,
ನಾನು ಕಲಿತದ್ದು ಅದೊಂದನ್ನೇ.
ಎರಡು ಸಲ ತಳ ಕೆರೆಯಿತು.

ನಾಲ್ಕು ಮಾರು ನೀರು. ಲಂಗರು ಮರಳು ಕಚ್ಚಿತು.
'ಇಳಿತದ ತನಕ ದ್ವೀಪ ನಿನ್ನದು' ಎಂದು
ಕಿರುದೋಣಿ ಇಳಿಸಿಕೊಟ್ಟ.
ನೀನು? ಎಂದೆ.
ಗಾಳದ ದಾರದ ಸಿಕ್ಕು ಬಿಡಿಸುತ್ತಿದ್ದ.
ಅದರಲ್ಲಿ ಸಿಕ್ಕೇ ಇರಲಿಲ್ಲ.

ದಂಡೆಗುಂಟ ಕೇದಗೆ, ಹೂವಿಲ್ಲದ ಕಾಲ.
ಔಷಧಿ ಬಾಟಲಿಯ ಮುಚ್ಚಳವನ್ನೇ ಮನೆ ಮಾಡಿಕೊಂಡ ಏಡಿ
ನನ್ನ ಕಾಲು ಕಂಡು ಬಾಗಿಲು ಹಾಕಿಕೊಂಡಿತು.
ಹವಳದ ಕಲ್ಲಿನ ಗೋಡೆ ಎರಡು ಕಡೆ,
ನಡುವೆ ಬೀದಿ, ಬೀದಿಯ ತುಂಬ ಆಲದ ಬೇರು.
ಮಾಡಿನಿಂದ ಬಿದ್ದ ಮಣ್ಣಿನ ಸಿಂಹ
ಇನ್ನೂ ಬಾಯಿ ತೆರೆದು ಹೆದರಿಸುತ್ತಿದೆ, ಯಾರನ್ನೋ.
ಬಾವಿಯೊಳಗೆ ಕಲ್ಲು ಹಾಕಿದೆ,
ಸದ್ದು ತಡವಾಗಿ ಬಂತು.

ಆಮೇಲೆ, ದಿಬ್ಬದ ಬುಡದಲ್ಲಿ,
ಆಮೆಬೆನ್ನಿನ ಚಾವಣಿಯ ಮನೆ.
ಅಂಗಳದಲ್ಲಿ ಚಾಪೆ, ಮಕ್ಕಳು, ಸಣ್ಣಗೆ ರೇಡಿಯೋ,
ಮೂರು ತಲೆಮಾರು ಕೂತು ಉಣ್ಣುತ್ತಿದೆ.
ಚೆಂದದ ಮನೆ, ಎಂದೆ. ಯಾರದು?
ನಕ್ಕರು ನೋಡಿ! ಅನ್ನ ನೆತ್ತಿಗೇರುವ ಹಾಗೆ.
'ನಮ್ಮೆಲ್ಲರದೂ' ಎಂದಳು ಮುದುಕಿ, 'ಆಮೇಲೆ.'

ಗೋರಿ.
ಇವತ್ತು ಸತ್ತವರ ಹೊಸವರ್ಷವಂತೆ,
ಬದುಕಿದವರದು ಮುಗಿದು ಹದಿನಾರನೆಯ ದಿನ.
ಯಾಕಿಷ್ಟು ತಡ? ಕೇಳಿದೆ.
'ಅವರಿಗೇನು ಅವಸರ?'

ಎಡೆಯಲ್ಲಿ ಹಂದಿಮಾಂಸ, ಕರಿದ ತೋಫು,
ಗಂಟು ಹಾಕಿ ಬೇಯಿಸಿದ ಕಡಲಪಾಚಿ,
ಕೆಂಪಂಚಿನ ಮೀನಿನ ಕಡುಬು.
ಕಾಗೆಗೆ ಕಾಯುವ ಪದ್ಧತಿಯಿಲ್ಲ,
ಹಿರಿಯರ ಪಕ್ಕ ಕೂತು ಅವರೊಟ್ಟಿಗೇ ತಿನ್ನುವುದು.
ನಾಣ್ಯದ ಗುರುತೊತ್ತಿದ ಒರಟು ಕಾಗದ ಸುಟ್ಟರು,
ಅಲ್ಲಿಯ ಖರ್ಚಿಗೆ.
ಬೂದಿ ಎದ್ದು ತೆಂಕಲಿಗೆ ಹಾರಿತು.

ಮುದುಕಿಯ ಹೆಸರು ನಾಬಿ. ಅಂದರೆ ಪಾತ್ರೆ.
ಅವಳ ಕಾಲದಲ್ಲಿ ಹೆಣ್ಣುಮಕ್ಕಳಿಗೆ
ಅಡುಗೆಮನೆಯಿಂದಲೇ ಹೆಸರು ತೆಗೆಯುತ್ತಿದ್ದರು.
ತಟ್ಟೆ ನನ್ನ ಕಡೆ ಸರಿಸುತ್ತ ಕೇಳಿದಳು:
ದೋಣಿ ಯಾರದು?
ಹೇಳಿದೆ.
ಚಾಪೆಯ ಮೇಲೆ ಅಷ್ಟೂ ಕೈ ನಿಂತವು.
ರೇಡಿಯೋ ಹವಾಮಾನ ಹೇಳುತ್ತಲೇ ಇತ್ತು.

ಏನಾಗಿತ್ತೋ, ಹೊಲವೋ ಹೆಣ್ಣೋ ಒಂದು ಮಾತೋ,
ಯಾರೂ ಹೇಳಲಿಲ್ಲ, ನಾನು ಕೇಳಲಿಲ್ಲ.
ಅವಳು ಅರಗಿನ ಡಬ್ಬಿ ತುಂಬಿದಳು, ಒತ್ತಿ ಒತ್ತಿ,
ಕಡಲಪಾಚಿಯ ಗಂಟು ಎರಡು ಹೆಚ್ಚಿಗೆ ಇಟ್ಟಳು,
ಬಟ್ಟೆ ಕಟ್ಟಿ ನನ್ನ ಮಡಿಲಿಗೆ ಹಾಕಿದಳು.
'ತಮ್ಮನಿಗೆ ಹಲ್ಲಿದೆಯೋ ಇನ್ನೂ?'

ಇತ್ತು. ನಿಂತೇ ತಿಂದ, ದಂಡೆಗೆ ಬೆನ್ನು ಹಾಕಿ.
ಹಾಯಿಯ ಮಡಿಕೆಯಲ್ಲಿ ಬೂದುಬಣ್ಣದ ಚೂರುಗಳಿದ್ದವು,
ಎಂಜಿನ್ನಿನ ಮಸಿ ಎಂದುಕೊಂಡು ಬಟ್ಟೆ ತಂದೆ.
'ಒರಸಬೇಡ' ಅಂದ.

ಡಬ್ಬಿ ತೊಳೆದ. ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತ.
ಖಾಲಿ ಪಾತ್ರೆ ಹಿಂದಕ್ಕೆ ಕಳಿಸಬಾರದು,
ನಮ್ಮಲ್ಲೂ ಹಾಗೇ, ಎಂದೆ, ಸುಮ್ಮನಿರಲಾರದೆ.
ಬೆಳಿಗ್ಗೆ ಹಿಡಿದ ಗಿಳಿಮೀನು ಕೊಯ್ದು ಜೋಡಿಸಿದ,
ನೀಲಿಯೋ ಹಸಿರೋ ಆ ಮೀನು.

ಇಳಿತ ಶುರುವಾಗಿತ್ತು.
ಹುಟ್ಟು ಹಾಕುತ್ತ ಅರ್ಧ ದಾರಿಗೆ ಬಂದಿದ್ದೆ,
ಹಿಂದಿನಿಂದ ಕೂಗು:
ನೀಲಿ! ಎಡಕ್ಕೆ! ಹಸಿರು! ಕಂದು, ಕಂದು!
ದೋಣಿಯ ಮೂತಿಯಲ್ಲಿ ಬೋರಲು ಮಲಗಿದ್ದಾನೆ.
ಅಷ್ಟು ದೂರಕ್ಕೆ ಅವನಿಗೆ ಬಣ್ಣ ಕಾಣುವುದು ಸುಳ್ಳು.
ಈ ಕೊಲ್ಲಿ ಅವನಿಗೆ ಬಾಯಿಪಾಠ.
ದಂಡೆಯಲ್ಲಿ ನಾಬಿ, ಮೊಣಕಾಲು ನೀರಿಗಿಳಿದು,
ಕಿವಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.