ಹದಿನೇಳನೇ ಪುಟದಿಂದ

ಇಂಡಿಯ ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಪುಸ್ತಕ.
ರಟ್ಟಿಲ್ಲ, ಬರೆದವರ ಹೆಸರಿಲ್ಲ,
ಮೊದಲ ಹದಿನಾರು ಪುಟ ಯಾವ ಚುರಮುರಿ ಕಟ್ಟಿ ಹೋದವೋ.
ಹದಿನೇಳನೆಯದು ಶುರುವಾಗುವುದೇ
‘ಆದ್ದರಿಂದ’ ಎಂದು.

ಯಾತರಿಂದ?
ಎರಡು ದಿನ ಆ ಒಂದು ಶಬ್ದ
ಹಲ್ಲಿನ ಸಂದಿಗೆ ಸಿಕ್ಕ ಬಡೇಸೋಪು.

ನಾನು ಲಿಂಬೆ ಅಡತಿಯಲ್ಲಿ ಚೀಟಿ ಬರೆಯುವವಳು.
ಹನ್ನೊಂದು ವರ್ಷ ಕೂಡಿಸಿದ್ದೇನೆ, ಕಳೆದಿದ್ದೇನೆ;
ಭಾಗಿಸುವುದು ಮಾಲಕರ ಕೆಲಸ.
ಆದರೂ ಪುಸ್ತಕ ಗದರಲಿಲ್ಲ.
ಎದುರು ಕೂತು ಶೇಂಗಾ ಸುಲಿಯುತ್ತ ಹೇಳಿದ ಹಾಗೆ,
‘ಒಂದು ಬುಟ್ಟಿ ಹಣ್ಣಿದೆ ಎಂದುಕೊಳ್ಳಿ’ ಅಂದಿತು.
ಅಂದುಕೊಳ್ಳುವುದೇನು ಬಂತು,
ನನ್ನ ಸುತ್ತ ನಾನೂರು ಚೀಲ.

ಮಾದರಿಯ ಪಾಠ ಬಂದಾಗ ನಗು ತಡೆಯಲಿಲ್ಲ.
ಹಮಾಲ ಬಂದಗಿಸಾಬ ಸಾಲಿಯ ಮೆಟ್ಟಿಲು ಹತ್ತಿದವನಲ್ಲ.
ಚೀಲದ ಬಾಯಿ ಬಿಚ್ಚಿ ಮೊಣಕೈತನಕ ಕೈ ಇಳಿಸುತ್ತಾನೆ,
ಮೇಲಿಂದೊಂದು, ಹೊಟ್ಟೆಯಿಂದೊಂದು, ತಳದಿಂದೊಂದು.
‘ಬಾಯಾಗಿನ ಲಿಂಬಿ ಬೀಗರ ಮಾತ ಇದ್ದಂಗ, ಭೌರಕ್ಕ,
ನಂಬಬಾರದು.’
ನಲವತ್ತೊಂದನೇ ಪುಟವೂ ಅದನ್ನೇ ಹೇಳಿತ್ತು,
ಬೀಗರನ್ನು ಬಿಟ್ಟು.

ಒಂದು ಮಧ್ಯಾಹ್ನ ಸವಾಲು ಮುಗಿದ ಮೇಲೆ
ಪತ್ತಾರರ ತಕ್ಕಡಿ ಕಡ ತಂದು
ಶಿವಗೊಂಡಪ್ಪನ ಮಾಲಿನಿಂದ ಅರವತ್ತು ಹಣ್ಣು ತೂಗಿದೆ,
ಒಂದೊಂದನ್ನೇ.
ಸರಾಸರಿ ನಲವತ್ತು ಗ್ರಾಂ.
ಪುಸ್ತಕ ಹೇಳಿದಂತೆ ನೆಲಕ್ಕೆ ಹಚ್ಚಿದೆ, ತೂಕಕ್ಕೊಂದು ಸಾಲು.
ನಡುವೆ ಒಂದು ಗುಡ್ಡ ಏಳಬೇಕಿತ್ತು, ಗಂಟೆ ಬೋರಲು ಇಟ್ಟಂತೆ.
ಎದ್ದವು ಎರಡು.
ಮೂವತ್ತೆರಡರ ಹತ್ತಿರ ಒಂದು, ನಲವತ್ತೆಂಟರ ಹತ್ತಿರ ಒಂದು,
ನಡುವೆ ಬರೇ ಬಯಲು.
ನಲವತ್ತರ ಸಾಲಿನಲ್ಲಿ
ಒಂದೇ ಒಂದು ಹಣ್ಣಿಲ್ಲ.

ತಪ್ಪು ನನ್ನದೇ ಎಂದು ಮತ್ತೆ ತೂಗಿದೆ.
ಪುಟ ತಿರುವಿದೆ; ಅಲ್ಲಿ ಗೆದ್ದಲು ಮೊದಲೇ ಓದಿ ಮುಗಿಸಿತ್ತು.
ಕೊನೆಗೆ ಅವನನ್ನೇ ಕೇಳಿದೆ.
ಚಹಾ ಬಸಿಗೆ ಸುರಿದುಕೊಳ್ಳುತ್ತ ಅಂದ:
‘ಅರ್ಧಾ ನಮ್ಮವು, ಅರ್ಧಾ ನಮ್ಮ ಅಕ್ಕನ ಗಿಡದ್ದು.
ಆಕೀದು ತೆಳಗಿನ ಹೊಲ, ನೀರ ಛಲೋ ನಿಂದರತೈತಿ.
ಯಾಕ್ರೀ?’

ಯಾಕೆ.
ಆರು ವರ್ಷದಿಂದ ಒಂದೇ ಹೆಸರು, ಒಂದೇ ದರ,
ಯಾರ ಗಿಡದಲ್ಲೂ ಬಿಡದ
ನಲವತ್ತು ಗ್ರಾಮಿನ ಹಣ್ಣಿಗೆ.
ರೊಕ್ಕ ಇಬ್ಬರಿಗೂ ಸಮಸಮ.
ಬರೆದವಳು ನಾನು,
ಅಕ್ಷರ ದುಂಡಗಿವೆ ಎಂದು ಹೊಗಳಿಸಿಕೊಂಡು.

ಚೀಟಿಗೆ ಅಡ್ಡ ಗೆರೆ ಎಳೆದೆ.
ಅಕ್ಕನ ಹೆಸರೇನು?
ಬಸಿ ಕೆಳಗಿಟ್ಟ. ಬಂದಗಿಸಾಬನ ಕಡೆ ನೋಡಿದ.
ಎತ್ತಿನ ಹೆಸರಾದರೆ ಇಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.
‘ಚಂದ್ರಬಾಯಿ ಅಂತ ಬರ್ಕೋರಿ.’

ರಾತ್ರಿ ಮತ್ತೆ ಹದಿನೇಳನೇ ಪುಟ.
ಬೆರಳಲ್ಲಿ ಇನ್ನೂ ಸಿಪ್ಪೆಯ ಎಣ್ಣೆ.
‘ಆದ್ದರಿಂದ’ದ ಮೇಲೆ ಒತ್ತಿದ್ದೇ ಹಾಳೆ ಅಲ್ಲಿಷ್ಟು ತೆಳುವಾಗಿ
ಹಿಂಬದಿಯ ಅಂಕಿಯೊಂದು ತಿರುಗುಮುರುಗಾಗಿ ಕಂಡಿತು.
ಇಪ್ಪತ್ಮೂರೋ, ಮೂವತ್ತೆರಡೋ.
ಪುಟ ತಿರುವಿ ನೋಡಬಹುದಿತ್ತು.
ದೀಪದ ಹತ್ತಿರ ಸರಿದು
ಇನ್ನಷ್ಟು ಹೊತ್ತು ಹೀಗೇ ನೋಡಿದೆ.