ಕೊನೆಭಾಗ

ಸಿರವಾರದಲ್ಲಿ ಮಾನ್ವಿ ರಸ್ತೆಗೆ ನನ್ನ ಶೆಡ್ಡು.
ಎಂಟಕ್ಕೇ ಯಂಕೋಬ ಜೀಪು ತಂದು ನಿಲ್ಲಿಸಿದ,
ಆಫ್ ಮಾಡಲಿಲ್ಲ. "ಕೇಳಿಲ್ಲಿ" ಅಂದ.
ಟಕ ಟಕ ಟಕ ಟಕ,
ಬಾನೆಟ್ಟಿನೊಳಗೆ ಯಾರೋ ಕೂತು
ಒಣ ಶೇಂಗಾ ಒಡೆಯುತ್ತಿದ್ದಂತೆ.

ಎಂಬತ್ತಾರರ ಮಾಡೆಲ್ಲು, ನೀರಾವರಿ ಇಲಾಖೆಯ ಹರಾಜಿನದು.
ಬಾಗಿಲ ಮೇಲೆ ಅಳಿಸಿದ ಅಕ್ಷರ
ಓರೆ ಬಿಸಿಲಿಗೆ ಇನ್ನೂ ಏಳುತ್ತವೆ.
ಕಾಲುವೆ ಏರಿಯ ಮೇಲೆ ಸಾಹೇಬರನ್ನು ಹೊತ್ತದ್ದು
ಈಗ ಶಾಮಿಯಾನದ ಗಳ, ಅನ್ನದ ಹಂಡೆ ಹೊರುತ್ತದೆ.

ಡಿಪ್‌ಸ್ಟಿಕ್ ಎಳೆದು ಬನಿಯನ್ ಚಿಂದಿಗೆ ಒರೆಸಿ
ಮತ್ತೆ ಅದ್ದಿದೆ. ಆಯಿಲ್ ಗೆರೆಯ ತನಕ ಇದೆ.
ಎರಡು ಬೆರಳ ನಡುವೆ ಉಜ್ಜಿದೆ:
ಕಪ್ಪು, ಆದರೆ ನುಣುಪು. ಹರಳಿಲ್ಲ, ನೀರಿನ ಬಿಳುಪಿಲ್ಲ.
ಗೇಜಿನ ಮುಳ್ಳು ಅರವತ್ತಕ್ಕೆ ನೆಟ್ಟಗೆ,
ಹೆಡ್‌ಮಾಸ್ತರರ ಹಾಗೆ.

ಮುಳ್ಳನ್ನು ನಂಬಬೇಡ ಅನ್ನುತ್ತಿದ್ದರು ಲಾಲ್‌ಸಾಬ್ ಉಸ್ತಾದ್,
ಮೊದಲು ಕಿವಿ, ಆಮೇಲೆ ಪಾನಾ.
ಅವರು ಬಿಟ್ಟುಹೋದ ಹಿತ್ತಾಳೆ ಗೇಜು ಬ್ಲಾಕಿಗೆ ತಿರುಪಿದೆ.
ಅದೂ ಅರವತ್ತೇ.
ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯನ್ನು ಕಿವಿಗೊತ್ತಿ
ತುದಿಯನ್ನು ಎಂಜಿನ್ನಿನ ಮೈಮೇಲೆಲ್ಲ ಇಟ್ಟು ಕೇಳಿದೆ.
ಕೆಳಗೆ ಬೇರಿಂಗು ಸುಮ್ಮನೆ ತನ್ನ ಕೆಲಸದಲ್ಲಿದೆ.
ಪಂಪು ಗುನುಗುತ್ತಿದೆ. ಗಲಾಟೆಯೆಲ್ಲ ಮೇಲೆ.

ಮೇಲಿನ ಮುಚ್ಚಳ ತೆಗೆದು ಚಾಲೂ ಇಟ್ಟೆ.
ಎಂಟು ರಾಕರು ಎದ್ದು ಬೀಳುತ್ತಿವೆ,
ಒಂದರ ಮೇಲೂ ಹನಿ ಇಲ್ಲ.
ತವೆಯಂತೆ ಕಾದು, ನೀಲಿ ಬಣ್ಣಕ್ಕೆ ತಿರುಗಿವೆ.
ಯಂಕೋಬ ತನ್ನ ಮುಖ ಒರೆಸಿಕೊಂಡ.

ಸಂಪು ಇಳಿಸಿದೆ. ಜಾಲರಿಯಲ್ಲಿ ಕೆಸರಿಲ್ಲ.
ಫಿಲ್ಟರು ಬಿಚ್ಚಿದೆ, ವಾಲ್ವಿನ ಸ್ಪ್ರಿಂಗನ್ನು ಒತ್ತಿ ನೋಡಿದೆ.
ಮಧ್ಯಾಹ್ನವಾಯಿತು. ಯಾವುದೂ ತಪ್ಪೊಪ್ಪಲಿಲ್ಲ.

ಹಳೇ ಟೈರಿನ ಮೇಲೆ ಆದೆಪ್ಪ ಲಸ್ಕರ್ ಕೂತಿದ್ದ,
ತನ್ನ ಲೂನಾದ ಪ್ಲಗ್ಗು ಒಣಗಲಿ ಅಂತ.
ಈ ಜೀಪಿನ ಬಾಗಿಲು ತೆಗೆದು ಸೆಲ್ಯೂಟ್ ಹೊಡೆದ ಕೈ
ಈಗ ಎಲೆಗೆ ಸುಣ್ಣ ಸವರುತ್ತಿತ್ತು.
"ಗೇಜ್ ತುಂಬ್ಯಾದ, ಕೊನೀಗೆ ಹನಿ ಇಲ್ಲ.
ಇದೇನು ಹೊಸಾದೇನೋ ತಮ್ಮಾ?
ಮೂವತ್ತೊಂದು ವರ್ಷ ಒಣಾ ತೂಬಿನಾಗ ನಿಂತು
ಮ್ಯಾಲಿನವರು ಹೇಳೋ ಫೂಟಿನ ಲೆಕ್ಕ ಕೇಳೀನಿ.
ನೀರು ಕಡಿಮಿ ಬಿದ್ರ ಗೇಜ್ ಇಳೀತದ.
ಗೇಜ್ ನಿಂತಲ್ಲೇ ನಿಂತದ ಅಂದ್ರ
ನಡುವ ಯಾರೋ ಗೇಟ್ ಇಳಿಸ್ಯಾರ."

ಪಾನಾ ಕೈಯಲ್ಲೇ ತಣ್ಣಗಾಯಿತು.

ಒಂಬತ್ತು ರಾತ್ರಿಯ ಹಿಂದೆ, ಕ್ಯಾಂಪಿನ ಮದುವೆಗೆ ಅವಸರ,
ಕರೆಂಟಿಲ್ಲ, ಮೊಬೈಲು ಹಲ್ಲಿನಲ್ಲಿ ಕಚ್ಚಿ
ಈ ಹೆಡ್ಡು ಕೂರಿಸಿದ್ದು ಯಾರು?
ಗ್ಯಾಸ್ಕೆಟ್ಟಿಗೂ ಒಂದು ಮೇಲ್ಮುಖ ಇರುತ್ತದೆ.
ನಟ್ಟು ಬಿಚ್ಚುವ ಮೊದಲೇ ಗೊತ್ತಾಗಿತ್ತು;
ಆದರೂ ಬಿಚ್ಚಿದೆ, ಹತ್ತಕ್ಕೆ ಹತ್ತೂ,
ತಡವಾಗಲಿ ಅಂತ ನಿಧಾನಕ್ಕೆ.
ಬೋರಲು ಬಿದ್ದಿತ್ತು. ಮೇಲೆ ಹೋಗುವ ತೂತಿನ ಮೇಲೆ
ತಾಮ್ರದ ಅಂಚು, ಉದ್ದಿನಕಾಳಿನಷ್ಟು ಜಾಗ,
ಅಚ್ಚುಕಟ್ಟಾಗಿ ಮುಚ್ಚಿ.

"ಗೇಟ್ ಇಳಿಸಿದವನು ನಾನೇ" ಅಂದೆ.
ಯಂಕೋಬ ಬಯ್ಯಲು ಬಾಯಿ ತೆರೆದ;
ಅಷ್ಟರಲ್ಲಿ ಆದೆಪ್ಪನ ನಗೆ, ಎಲೆಯ ಕೆಂಪು ಗದ್ದಕ್ಕಿಳಿಯುವಂತೆ:
"ಲಸ್ಕರನ ಮುಂದ ಒಪ್ಪಿಕೊಂಡವ
ನೀನೇ ನೋಡು ಮೊದಲನೇ ಮನಷಾ!"

ಸಂಜೆ. ಹೊಸ ಗ್ಯಾಸ್ಕೆಟ್ಟು, ಮುಖ ಮೇಲಾಗಿ.
ಅದರ ದುಡ್ಡನ್ನು ಖಾತೆ ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆದೆ.
ಮುಚ್ಚಳ ಹಾಕದೆ ಸೆಲ್ಫ್ ಹೊಡೆದೆ.
ಮೊದಲ ರಾಕರಿನ ಬಾಯಲ್ಲಿ ಮಿಂಚು. ಎರಡು. ಮೂರು.
ನಾಲ್ಕು ಐದು ಜೊತೆಗೇ ನೆನೆದವು.
ಆರು. ಸ್ವಲ್ಪ ತಡೆದು ಏಳು.
ಶೇಂಗಾ ಒಡೆಯುವುದು ನಿಂತಿತು, ಒಂದೊಂದೇ ಕಡೆಯಿಂದ.

ಲೂನಾದ ಪ್ಲಗ್ಗು ಎಂದೋ ಒಣಗಿತ್ತು.
ಆದೆಪ್ಪ ಹೋಗಿರಲಿಲ್ಲ.
ಮಂಡಿಯ ಮೇಲೆ ಕೈಯಿಟ್ಟು ಬಾಗಿ,
ಎಂಟನೆಯದನ್ನೇ ನೋಡುತ್ತಿದ್ದ.